ಕ್ಲಬ್ಬಿನ ಕೋಣೆಯಿಂದ ವಿಶ್ವಪಟ್ಟಕ್ಕೆ: ಕರ್ನಾಟಕದ ಸ್ನೂಕರ್ ನಡೆದ ದಾರಿ

ಸ್ನೂಕರ್ ಇಂಗ್ಲೆಂಡಿನಿಂದ ಬಂದ ಆಟವೆಂದು ಬಹಳ ಮಂದಿ ನಂಬಿದ್ದಾರೆ. ಅದು ಹುಟ್ಟಿದ್ದು ಮಾತ್ರ ಭಾರತದಲ್ಲಿ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ರೂಪಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಅದರ ನಿಯಮಗಳು ಒಂದು ಹದಕ್ಕೆ ಬಂದದ್ದು 1880ರ ದಶಕದಲ್ಲಿ, ಊಟಿ ಕ್ಲಬ್ಬಿನಲ್ಲಿ. ಅಲ್ಲಿಂದ ಮೈಸೂರು, ಬೆಂಗಳೂರು ದೂರವೇನಲ್ಲ.

ಈ ಆಟದ ಚರಿತ್ರೆ ಎಂದರೆ ಅದರ ಟೇಬಲ್ಲಿನ ಚರಿತ್ರೆ. 12 ಅಡಿ ಉದ್ದ, 6 ಅಡಿ ಅಗಲ, ಉಣ್ಣೆಬಟ್ಟೆಯ ಅಡಿಯಲ್ಲಿ ಐದು ಸ್ಲೇಟ್ ಚಪ್ಪಡಿ, ಒಟ್ಟು ತೂಕ ಒಂದು ಟನ್ನಿಗೂ ಹೆಚ್ಚು. ಬ್ಯಾಟು ಚೆಂಡು ಹಿಡಿದು ಬಯಲಿಗಿಳಿದಂತೆ ಇಲ್ಲಿ ಆಗದು. ಟೇಬಲ್ ಇರುವ ಬಾಗಿಲು ಯಾರಿಗೆ ತೆರೆದಿತ್ತೋ ಅವರೇ ಆಟಗಾರರಾದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಂಗಳೂರು ಕ್ಲಬ್ ಮತ್ತು ಬೌರಿಂಗ್ ಇನ್‌ಸ್ಟಿಟ್ಯೂಟ್ ಎರಡೂ 1868ರಲ್ಲಿ ಶುರುವಾದವು. ಭಾರತೀಯರಿಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಸೆಂಚುರಿ ಕ್ಲಬ್ ಬಂದದ್ದು 1917ರಲ್ಲಿ. ಬಹುಕಾಲ ಆಟ ಉಳಿದದ್ದು ಇಂಥ ಸದಸ್ಯರ ಕೋಣೆಗಳಲ್ಲಿ. ಲೆಕ್ಕ ಇಡುವ, ಟೇಬಲ್ ಒರೆಸುವ ಮಾರ್ಕರ್‌ಗಳೇ ಅಲ್ಲಿನ ತಜ್ಞರು.

ಭಾರತದ ಮೊದಲ ದೊಡ್ಡ ಗೆಲುವು ಬಂದದ್ದು ಇದೇ ಟೇಬಲ್ಲಿನ ಸೋದರ ಆಟವಾದ ಬಿಲಿಯರ್ಡ್ಸ್‌ನಲ್ಲಿ: 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. 1984ರಲ್ಲಿ ಡಬ್ಲಿನ್‌ನಲ್ಲಿ ಓಂ ಅಗರ್ವಾಲ್ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದ ಮೊದಲ ಭಾರತೀಯರಾದರು. ಕರ್ನಾಟಕದ ಪಾಲಿಗೆ ಆ ತಲೆಮಾರಿನ ದೊಡ್ಡ ಹೆಸರು ಅರವಿಂದ್ ಸವೂರ್. ಅರ್ಜುನ ಪ್ರಶಸ್ತಿ ಪಡೆದ ಈ ಆಟಗಾರ ಮುಂದೆ ಗುರುವಾದರು. 2004ರ ದ್ರೋಣಾಚಾರ್ಯ ಪ್ರಶಸ್ತಿ ಅವರಿಗೆ ಸಂದಿತು. ಕ್ಲಬ್ ಸದಸ್ಯತ್ವ ಇಲ್ಲದ ಮಕ್ಕಳಿಗೂ ಟೇಬಲ್ ಸಿಗುವಂತಾದದ್ದು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಿಂದ. ನಮ್ಮ ಸ್ನೂಕರಿನ ನಿಜವಾದ ತಿರುವು ಇದೇ.

ಆ ತಿರುವಿನ ಫಲ ಪಂಕಜ್ ಅಡ್ವಾಣಿ. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಕುವೈತ್‌ನಲ್ಲಿ ಕೆಲ ವರ್ಷ ಕಳೆದು, ಕೊಲ್ಲಿ ಯುದ್ಧದ ಹೊತ್ತಿಗೆ ಬೆಂಗಳೂರು ಸೇರಿದ ಹುಡುಗ. ಅಣ್ಣ ಶ್ರೀ ಆಡುವುದನ್ನು ನೋಡುತ್ತಾ ಹತ್ತರ ವಯಸ್ಸಿನಲ್ಲಿ ಕ್ಯೂ (ಆಟದ ಕೋಲು) ಹಿಡಿದು ಸವೂರ್ ಅವರ ಗರಡಿ ಸೇರಿದರು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಕಿರೀಟ ತೊಟ್ಟಾಗ ವಯಸ್ಸು 18. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಪಾಯಿಂಟ್ಸ್ ಮತ್ತು ಟೈಮ್ ಎರಡೂ ಮಾದರಿಗಳನ್ನು ಒಟ್ಟಿಗೆ ಗೆದ್ದರು. 2008ರಲ್ಲಿ ತವರು ಬೆಂಗಳೂರಿನಲ್ಲೇ ಅದನ್ನು ಮತ್ತೆ ಸಾಧಿಸಿದರು. 2006 ಮತ್ತು 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2018ರಲ್ಲಿ ಪದ್ಮಭೂಷಣ, 2024ರಲ್ಲಿ ದೋಹಾದಲ್ಲಿ 28ನೇ ವಿಶ್ವಪಟ್ಟ.

ಇಷ್ಟು ಗೆದ್ದವರಿಗೂ ವೃತ್ತಿಪರ ಸ್ನೂಕರ್ ಸಲೀಸಾಗಿರಲಿಲ್ಲ. 2012ರಲ್ಲಿ ಅವರು ವಿಶ್ವ ಸ್ನೂಕರ್ ಟೂರ್ ಸೇರಿದರು. ಆಗ ಅಲ್ಲಿ ವರ್ಷದ ಬಹುಪಾಲು ಇಂಗ್ಲೆಂಡಿನಲ್ಲಿ ಕಳೆಯಬೇಕಿತ್ತು; ಪ್ರಯಾಣ, ವಸತಿ, ಅಭ್ಯಾಸದ ಖರ್ಚೆಲ್ಲ ಆಟಗಾರನದೇ ಆಗಿತ್ತು, ಬೇಗ ಸೋತರೆ ಕೈಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ. 2013ರ ವೆಲ್ಷ್ ಓಪನ್‌ನಲ್ಲಿ ಅಡ್ವಾಣಿ ಕ್ವಾರ್ಟರ್ ಫೈನಲ್ ತಲುಪಿ ಜಡ್ ಟ್ರಂಪ್ ಎದುರು ಸೋತರು. 2014ರಲ್ಲಿ ಟೂರ್ ಬಿಟ್ಟು ಬಿಲಿಯರ್ಡ್ಸ್ ಮತ್ತು ಮನೆಯ ಕಡೆ ಮರಳಿದರು. ಇದನ್ನು ಹಿನ್ನಡೆಯೆಂದು ಬರೆದವರಿದ್ದಾರೆ, ನಾನು ಒಪ್ಪುವುದಿಲ್ಲ. ಒಎನ್‌ಜಿಸಿಯಂಥ ಸಂಸ್ಥೆಯ ನೌಕರಿ, ರಾಜ್ಯ ಸಂಸ್ಥೆಯ ಟೇಬಲ್, ಜೊತೆಗಿರುವ ಗುರು: ಭಾರತದ ಆಟಗಾರ ಬಾಳಿದ್ದು ಈ ಆಸರೆಗಳಿಂದ. ಅವು ಊರಲ್ಲೇ ಇದ್ದಾಗ ಊರಿಗೆ ಮರಳುವುದೇ ವಿವೇಕ.

ಹೆಣ್ಣುಮಕ್ಕಳ ಕಥೆಯೂ ಟೇಬಲ್ಲಿನ ಸುತ್ತಲೇ ತಿರುಗುತ್ತದೆ. ಹಾಕಿ ಆಡುತ್ತಿದ್ದ ಚಿತ್ರಾ ಮಗಿಮೈರಾಜ್ ಕ್ಯೂ ಹಿಡಿದು ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದರು. ತೋಟಗಾರಿಕೆ ಇಲಾಖೆಯ ನೌಕರಿಯಲ್ಲಿದ್ದ ಆರ್. ಉಮಾದೇವಿ, ಕೆಲಸ ಮುಗಿಸಿ ಸರ್ಕಾರಿ ನೌಕರರ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದವರು. ಅಲ್ಲಿ ಕಂಡ ಬಿಲಿಯರ್ಡ್ಸ್‌ಗೆ ಮನಸೋತು 2012ರಲ್ಲಿ ವಿಶ್ವ ಚಾಂಪಿಯನ್ ಆದರು. ವಿದ್ಯಾ ಪಿಳ್ಳೈ 2017ರ ವಿಶ್ವ ಮಹಿಳಾ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗಿನ ಆನ್-ಯೀ ಎದುರು 5-6ರಲ್ಲಿ, ಕೂದಲೆಳೆಯಲ್ಲಿ ಸೋತರು. ನೌಕರರ ಕ್ಲಬ್ಬಿನಲ್ಲಿ ಆ ಟೇಬಲ್ ಇಲ್ಲದಿದ್ದರೆ ಉಮಾದೇವಿಯವರ ಹೆಸರು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈ ಟೇಬಲ್ಲುಗಳೆಲ್ಲ ಇದ್ದದ್ದು ನಗರದಲ್ಲಿ; ಈಗ ಪಕ್ಕದ ಬೆಂಗಳೂರು ಗ್ರಾಮಾಂತರಕ್ಕೆ ಬರೋಣ. ವಿಶ್ವಕೂಟಗಳಿಗೆ ಹೋಗುವವರು ವಿಮಾನ ಹತ್ತುವುದು ದೇವನಹಳ್ಳಿ ತಾಲ್ಲೂಕಿನಿಂದ. ಆದರೆ ಆಟ ಕಲಿಯಲು ದೇವನಹಳ್ಳಿಯ ಹುಡುಗ ನಗರಕ್ಕೇ ಹೋಗಬೇಕು. ದೊಡ್ಡಬಳ್ಳಾಪುರದಿಂದ ನಗರದ ನಡುವಿಗೆ ಸುಮಾರು 40 ಕಿ.ಮೀ. ಶಾಲೆ ಮುಗಿಸಿ ದಿನಾ ಹೋಗಿಬರುವ ಮಾತಲ್ಲ. ಸಣ್ಣ ಊರುಗಳಲ್ಲಿ ಸಿಗುವುದು ಹೆಚ್ಚಾಗಿ ಗಂಟೆಗಿಷ್ಟೆಂದು ಬಾಡಿಗೆ ಪಡೆಯುವ ಪೂಲ್ ಪಾರ್ಲರ್. ಅದು ಪಡ್ಡೆ ಹುಡುಗರ ಅಡ್ಡೆಯೆಂಬ ಅಂಜಿಕೆಯಿಂದ ತಂದೆತಾಯಂದಿರು ಮಕ್ಕಳನ್ನು ಬಿಡುವುದಿಲ್ಲ. ಪೂಲ್ ಟೇಬಲ್ ಚಿಕ್ಕದು, ಪಾಕೆಟ್ ಸಡಿಲ. ಸ್ನೂಕರಿನ ಚೆಂಡು 52.5 ಮಿ.ಮೀ.; 12 ಅಡಿ ಉದ್ದದ ಟೇಬಲ್ಲಿನಲ್ಲಿ ಕ್ಯೂ ಕೂದಲಷ್ಟು ವಾಲಿದರೂ ಚೆಂಡು ಪಾಕೆಟ್ಟಿನ ದವಡೆಗೆ ಬಡಿದು ಆಚೆ ಬರುತ್ತದೆ. ಬಟ್ಟೆಯನ್ನು ಅದರ ಎಳೆಯ ದಿಕ್ಕಿಗೇ ಬ್ರಷ್ ಮಾಡಿ ಇಸ್ತ್ರಿ ಹಾಕಬೇಕು. ಮಳೆಗಾಲದ ತೇವಕ್ಕೆ ಅದು ಮಂದವಾಗುತ್ತದೆ. ಹೀಗೆ ನೋಡಿಕೊಂಡ ಟೇಬಲ್ಲಿನಲ್ಲೇ ಕೈ ಕುದುರುವುದು.

2014ರಲ್ಲಿ ಬೆಂಗಳೂರಿನಲ್ಲೇ ನಡೆದ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದವನು ಚೀನಾದ ಯಾನ್ ಬಿಂಗ್‌ಟಾವೊ, 14ರ ಹುಡುಗ. ಆ ವಯಸ್ಸಿಗೆ ಅಷ್ಟು ಪಳಗಬೇಕಾದರೆ ಏಳೆಂಟರಲ್ಲೇ ಟೇಬಲ್ ಸಿಕ್ಕಿರಬೇಕು. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಕ್ರೀಡಾಂಗಣದ ಒಂದು ಕೋಣೆ, ಅಚ್ಚುಕಟ್ಟಾದ ಒಂದು ಟೇಬಲ್, ಅದನ್ನು ಕಾಪಾಡುವ ಒಬ್ಬ ಮಾರ್ಕರ್, ವಾರಕ್ಕೊಮ್ಮೆ ನಗರದಿಂದ ಬರುವ ಒಬ್ಬ ಕೋಚ್ ಸಾಕು. ಕ್ಲಬ್ಬಿನ ಬಾಗಿಲನ್ನು ನಗರದ ಮಕ್ಕಳಿಗೆ ತೆರೆದದ್ದರಿಂದ ಕರ್ನಾಟಕ ವಿಶ್ವ ಚಾಂಪಿಯನ್ನರನ್ನು ಕಂಡಿತು. ಸರ್ಕಾರ, ರಾಜ್ಯ ಸಂಸ್ಥೆ, ಕೈಗಾರಿಕೆಗಳು ಕೈಜೋಡಿಸಿ ಆ ಬಾಗಿಲನ್ನು ತಾಲ್ಲೂಕಿನ ಮಕ್ಕಳಿಗೂ ತೆರೆಯಬೇಕು.