ಪಂಚಸೂನೆ: ಮನೆಯ ಐದು ಸಾಧನಗಳಿಗೆ ಬಂದ ಹೆಸರು

ಒರಳು-ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ – ಈ ಐದು ಗೃಹಜೀವನದ ಆಧಾರಗಳು. ಇವಿಲ್ಲದೆ ಅನ್ನವಿಲ್ಲ, ನೀರಿಲ್ಲ, ಶುಚಿತ್ವವಿಲ್ಲ. ಆದರೂ ಪ್ರಾಚೀನ ಶಾಸ್ತ್ರಕಾರರು ಇವನ್ನು ಒಟ್ಟುಗೂಡಿಸಿ ಕರೆದುದು ‘ಪಂಚಸೂನೆ’ ಎಂದು. ಸಂಸ್ಕೃತದಲ್ಲಿ ‘ಸೂನಾ’ ಎಂದರೆ ವಧಾಸ್ಥಾನ. ಅನ್ನ ಬೇಯುವ ಮನೆಗೆ ಇಷ್ಟು ಕಠೋರವಾದ ಹೆಸರೇಕೆ? ಅದರ ಭಾರವನ್ನು ಹೊರಬೇಕಾದವರು ಯಾರು?

ಈ ಪದ ಒಂದೇ ಪರಂಪರೆಗೆ ಸೇರಿದುದಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಚುಲ್ಲೀ, ಪೇಷಣೀ, ಉಪಸ್ಕರ, ಕಂಡನೀ, ಉದಕುಂಭ ಎಂಬ ಐದು ಸೂನೆಗಳ ಉಲ್ಲೇಖವಿದೆ. ಯತಿಗಳ ಆಚಾರವನ್ನು ನಿರೂಪಿಸುವ ಪ್ರಾಕೃತ ಗ್ರಂಥ ‘ಮೂಲಾಚಾರ’ವೂ ಐದು ಸಾಧನಗಳನ್ನು ಹೆಸರಿಸುತ್ತದೆ, ಆದರೆ ‘ಉಪಸ್ಕರ’ದ ಸ್ಥಾನದಲ್ಲಿ ಅಲ್ಲಿರುವುದು ‘ಪ್ರಮಾರ್ಜನಿ’, ಅಂದರೆ ಪೊರಕೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ಕ್ಕೆ ಪ್ರಭಾಚಂದ್ರರು ರಚಿಸಿದ ಟೀಕೆಯಲ್ಲಿಯೂ ಪ್ರಮಾರ್ಜನಿಯೇ ಕಾಣುತ್ತದೆ. ‘ಉಪಸ್ಕರ’ವು ಮನೆಯ ಸಲಕರಣೆ ಎಂಬ ವಿಶಾಲಾರ್ಥದ ಪದ; ‘ಪ್ರಮಾರ್ಜನಿ’ಯಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಬಿಡಿಬಿಡಿಯಾಗಿ ನೋಡಿದರೆ ಈ ಹೆಸರುಗಳಲ್ಲಿ ಕ್ರೌರ್ಯದ ಸುಳಿವೂ ಇಲ್ಲ. ಕುಟ್ಟುವುದು ಕಂಡನಿ, ಅರೆಯುವುದು ಪೇಷಣಿ, ಒರೆಸಿ ಶುಚಿಗೊಳಿಸುವುದು ಪ್ರಮಾರ್ಜನಿ. ಕನ್ನಡದ ‘ಬೀಸುವ ಕಲ್ಲು’ ಕೂಡ ಕ್ರಿಯೆಯಿಂದಲೇ ಹೆಸರು ಪಡೆದಿದೆ. ತಮಿಳಿನ ‘ಉಲಕ್ಕೈ’, ‘ಉರಲ್’ಗಳೊಡನೆ ನಂಟಿರುವ ಒನಕೆ, ಒರಳುಗಳು ದ್ರಾವಿಡ ಮನೆಮಾತಿನ ಹಳೆಯ ಸಂಪತ್ತು. ಹಿಂಸೆ ಕಾಣಿಸಿಕೊಳ್ಳುವುದು ಐದನ್ನೂ ಒಟ್ಟಿಗೆ ಕರೆದ ಹೆಸರಿನಲ್ಲಿ ಮಾತ್ರ. ಧಾನ್ಯದೊಳಗಿನ ಹುಳು, ಸೌದೆಯಲ್ಲಿ ಅಡಗಿದ ಕೀಟ, ನೀರಿನ ಸೂಕ್ಷ್ಮಜೀವಿ, ಪೊರಕೆಗೆ ಸಿಕ್ಕ ಇರುವೆ – ಇವುಗಳ ಕಡೆಯಿಂದ ಮನೆಯನ್ನು ನೋಡಿದವರು ಇಟ್ಟ ಹೆಸರದು.

ಪರಿಹಾರದಲ್ಲಿ ಎರಡು ದಾರಿಗಳಿವೆ. ಮನು ವಿಧಿಸುವುದು ನಿತ್ಯದ ಐದು ಮಹಾಯಜ್ಞಗಳನ್ನು. ಸಮಂತಭದ್ರರಾದರೋ ಸೂನೆಗಳಿಂದಲೂ ಆರಂಭಗಳಿಂದಲೂ ಮುಕ್ತರಾದ ಯತಿಗಳಿಗೆ ಆಹಾರದಾನವನ್ನು ಹೇಳುತ್ತಾರೆ. ಮನೆಯನ್ನು ತೊರೆದ ಅತಿಥಿಗಳ ಸತ್ಕಾರವು ಗೃಹಕೃತ್ಯದಿಂದ ಸಂಚಿತವಾದ ಕರ್ಮವನ್ನು, ನೀರು ರಕ್ತದ ಕಲೆಯನ್ನು ತೊಳೆಯುವಂತೆ, ಅಳಿಸುತ್ತದೆ ಎಂಬುದು ಅವರ ಅಭಿಪ್ರಾಯ. ಅಲ್ಲಿ ಅವರು ಬಳಸಿದ ಕ್ರಿಯಾಪದ ‘ವಿಮಾರ್ಷ್ಟಿ’. ಇದಕ್ಕೂ ‘ಪ್ರಮಾರ್ಜನಿ’ಗೂ ಧಾತು ಒಂದೇ: ‘ಮೃಜ್’, ಒರೆಸು. ನೆಲವನ್ನು ಒರೆಸುವಾಗ ಅಂಟಿದ ದೋಷವನ್ನು ದಾನವು ಒರೆಸುತ್ತದೆ. ಆದರೆ ದಾನವು ಅಜಾಗ್ರತೆಗೆ ದೊರೆತ ಪರವಾನಗಿಯಲ್ಲ. ಧಾನ್ಯವನ್ನು ಆರಿಸುವುದು, ನೀರನ್ನು ಸೋಸಿ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮೂಲ ಜಲಕ್ಕೇ ಸೇರಿಸುವುದು, ಸೌದೆಯನ್ನು ಕೊಡವಿ ಒಲೆಗಿಡುವುದು – ಇವು ದಾನಕ್ಕಿಂತ ಮೊದಲಿನ ಕರ್ತವ್ಯಗಳು.

ಇನ್ನು ಹೊಣೆಯ ಪ್ರಶ್ನೆ. ಶತಮಾನಗಳಿಂದ ಕುಟ್ಟಿದವರು, ಬೀಸಿದವರು, ನೀರು ಹೊತ್ತವರು ಬಹುಮಟ್ಟಿಗೆ ಸ್ತ್ರೀಯರು. ಆದರೆ ಸ್ಮೃತಿಯಲ್ಲಾಗಲಿ ಟೀಕೆಯಲ್ಲಾಗಲಿ ಐದು ಸೂನೆಗಳನ್ನು ಹೇಳಿರುವುದು ಗೃಹಸ್ಥನಿಗೆ. ಒನಕೆ ಹಿಡಿದ ಗೃಹಿಣಿಯನ್ನು ಅಲ್ಲಿ ಬೇರೆಯಾಗಿ ಹೆಸರಿಸಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂಬ ಮೂರು ಭೇದಗಳನ್ನು ಹೇಳುತ್ತದೆ: ತಾನೇ ಮಾಡಿದುದು, ಇತರರಿಂದ ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿದುದು. ಒರಳಿನ ಬಳಿ ಸುಳಿಯದೆ ಉಂಡು ಎದ್ದವನೂ ಈ ಲೆಕ್ಕದಿಂದ ಹೊರಗುಳಿಯಲಾರ.

ಇಂದು ಒರಳಿನ ಸ್ಥಾನವನ್ನು ಮಿಕ್ಸಿಯೂ ಬೀಸುವ ಕಲ್ಲಿನ ಸ್ಥಾನವನ್ನು ಹಿಟ್ಟಿನ ಗಿರಣಿಯೂ ಸೌದೆ ಒಲೆಯ ಸ್ಥಾನವನ್ನು ಗ್ಯಾಸ್ ಒಲೆಯೂ ಪಡೆದಿವೆ. ಹೆಂಗಸರ ತೋಳಿನ ಭಾರ ಇಳಿದುದು ಸಂತೋಷದ ಸಂಗತಿಯೇ ಸರಿ. ಆದರೆ ಕೆಲಸವು ಗಿರಣಿಗೆ ಹೋದೊಡನೆ ‘ಕೃತ’ವಾಗಿದ್ದುದು ‘ಕಾರಿತ’ವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಸಾಧನಗಳು ಬದಲಾದರೂ ಅಂದು ಧಾನ್ಯವನ್ನು ಮೊರದಲ್ಲಿ ಹರವಿ ನೋಡುತ್ತಿದ್ದ ಕಣ್ಣು ಇಂದೂ ಬೇಕು. ಉಣ್ಣುವವರೆಲ್ಲರೂ ಆ ನೋಟದಲ್ಲಿ ಪಾಲುಗೊಂಡಾಗಲೇ ಹಿರಿಯರು ಇಟ್ಟ ಆ ಕಠೋರವಾದ ಹೆಸರು ಸಾರ್ಥಕವಾಗುತ್ತದೆ.