ಸಾಮ್ರಾಜ್ಞಿ ಕಂಡ ಹಳದಿ ಎಲೆ

ಕಾವ್ಯದಲ್ಲಿ ಗಿಡಮರಗಳ ವರ್ಣನೆ ಬಂದರೆ ಅದನ್ನು ಕವಿಸಮಯವೆಂದೋ ಅಲಂಕಾರವೆಂದೋ ಹೆಸರಿಸಿ ಮುಂದಿನ ಪದ್ಯಕ್ಕೆ ಸಾಗುವುದು ನಮ್ಮಂಥ ಕನ್ನಡ ಅಧ್ಯಾಪಕರ ರೂಢಿ. ನಾನೂ ಅದಕ್ಕೆ ಹೊರತಲ್ಲ. ಆದರೆ ಜಪಾನೀ ಕವಿತೆಯೊಂದರ ಕಥೆ ತಿಳಿದ ಮೇಲೆ ನನಗೆ ಕೊಂಚ ನಾಚಿಕೆಯಾಗಿದೆ.

ಕ್ರಿ.ಶ. 752. ಜಪಾನಿನ ರಾಜಧಾನಿ ನಾರಾದಲ್ಲಿ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ತೆರೆಸಿದ ವರ್ಷವದು. ಆಗ ಪಟ್ಟದಲ್ಲಿದ್ದವಳು ಕೋಕೆನ್ ಎಂಬ ಸಾಮ್ರಾಜ್ಞಿ. ಆ ವರ್ಷ ಆಕೆ ರಚಿಸಿದಳೆನ್ನಲಾದ ಪದ್ಯವೊಂದು ‘ಮನ್‌ಯೋಶೂ’ ಎಂಬ ಪ್ರಾಚೀನ ಸಂಕಲನದಲ್ಲಿ ಉಳಿದುಬಂದಿದೆ. ನಡುಬೇಸಗೆಯಲ್ಲಿಯೇ ಹಳದಿಗೆ ತಿರುಗಿದ ಗಿಡವೇ ಅದರ ವಸ್ತು. ಎಲೆ ಹಣ್ಣಾಗುವುದು ಶರತ್ಕಾಲದಲ್ಲಲ್ಲವೆ? ನನ್ನಂಥವನು ಇದನ್ನು ಕವಿಕಲ್ಪನೆಯೆಂದು ತಳ್ಳಿಬಿಡುತ್ತಿದ್ದೆ.

ಸಸ್ಯವಿಜ್ಞಾನಿಗಳು ಹಾಗೆ ತಳ್ಳಲಿಲ್ಲ. ಆ ಗಿಡ ಯುಪಟೋರಿಯಮ್ ಜಾತಿಯದು, ಅದಕ್ಕೆ ತಗುಲಿದ್ದು ಬಿಳಿನೊಣ ಹರಡುವ ವೈರಸ್ ರೋಗ ಎಂದು ಅವರು ಗುರುತಿಸಿದರು. ಸಸ್ಯಗಳ ವೈರಸ್ ರೋಗಕ್ಕೆ ದೊರೆತಿರುವ ಅತಿ ಹಳೆಯ ಲಿಖಿತ ಸಾಕ್ಷ್ಯವೆಂದು ಈ ಪದ್ಯವನ್ನು ಎಣಿಸುತ್ತಾರೆ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಎಲೆಯ ನರಗಳಿಗೆ ಆ ಹಳದಿ ಬರುವುದರಲ್ಲಿ ವೈರಸ್ಸಿಗೆ ಒಬ್ಬ ಸಂಗಾತಿಯಿದೆಯೆಂದು 2003ರಲ್ಲಿ ಬ್ರಿಟನ್ ಮತ್ತು ಜಪಾನಿನ ಸಂಶೋಧಕರು ತೋರಿಸಿದರು. ಅದೊಂದು ಪುಟ್ಟ ಡಿ.ಎನ್.ಎ. ತುಣುಕು, ವೈರಸ್ಸಿನ ಡಿ.ಎನ್.ಎ.ಯ ಸುಮಾರು ಅರ್ಧದಷ್ಟು ಉದ್ದ. ವೈರಸ್ಸಿನ ಆಸರೆಯಿಲ್ಲದೆ ಅದು ಬೆಳೆಯಲಾರದು. ಆದರೆ ಈ ಬಗೆಯ ತುಣುಕಿನಿಂದ ಹುಟ್ಟುವ ಪ್ರೋಟೀನು ಗಿಡದ ಆತ್ಮರಕ್ಷಣೆಯ ಶಕ್ತಿಯನ್ನೇ ಕುಗ್ಗಿಸುತ್ತದೆ, ರೋಗ ಉಲ್ಬಣಿಸುತ್ತದೆ. ದೊರೆಗಿಂತ ಅವನ ಹಿಂಬಾಲಕನೇ ಹೆಚ್ಚು ಕ್ರೂರಿಯಾಗುವುದು ಚರಿತ್ರೆ ಓದಿದವರಿಗೆ ಹೊಸದೇನಲ್ಲ.

ದೂರದ ಜಪಾನಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಬೆಂಡೆಗಿಡದ ಎಲೆಯಲ್ಲಿ ನರಗಳು ಹಳದಿ ಬಲೆಯಂತೆ ಕಾಣುವ ನಂಜುರೋಗವೂ ಇದೇ ಬಗೆಯದು. ಅಲ್ಲಿಯೂ ವೈರಸ್ಸಿನ ಜೊತೆ ಅಂಥದೇ ತುಣುಕು ಸೇರಿದಾಗ ರೋಗ ಪೂರ್ಣರೂಪ ತಾಳುತ್ತದೆಂದು ಮಧುರೆಯ ಕಾಮರಾಜ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ 2003ರಲ್ಲಿ ಪ್ರಕಟಿಸಿದರು. ಸಾಮ್ರಾಜ್ಞಿಯ ಕಣ್ಣಿಗೆ ಸೊಗಸಾಗಿ ಕಂಡಿರಬಹುದಾದ ಬಣ್ಣ ನಮ್ಮ ಬೆಳೆಗಾರನನ್ನು ತಲೆಯ ಮೇಲೆ ಕೈಹೊತ್ತು ಕೂರಿಸುತ್ತದೆ.

ಆ ಹಳದಿಯ ಗುಟ್ಟು ಬಿಡಿಸಲು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು; ಅದನ್ನು ಕಾಣಲು ಒಬ್ಬ ಕವಿಯ ಕಣ್ಣು ಸಾಕಾಯಿತು. ಈಗ ತರಗತಿಯಲ್ಲಿ ಇದು ಯಾವ ಅಲಂಕಾರ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಇಲ್ಲಿ ಕವಿ ಕಂಡದ್ದೇನು?