ಒಂದೇ ನೀಲಿ, ಸಾವಿರ ಪಟ್ಟು

ಹೆಪಾರಿನ್ ಸಿಕ್ಕಿದ್ದೇ ಆಕಸ್ಮಿಕವಾಗಿ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಜೇ ಮೆಕ್ಲೀನ್ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಾ, ಹೆಪ್ಪುಗಟ್ಟದಂತೆ ತಡೆಯುವುದನ್ನು ನಾಯಿಯ ಯಕೃತ್ತಿನಲ್ಲಿ ಕಂಡರು. ಗ್ರೀಕರು ಯಕೃತ್ತಿಗೆ 'ಹೆಪಾರ್' ಎನ್ನುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ನಮ್ಮ 'ಹೆಪ್ಪಿ'ಗೂ ಅದಕ್ಕೂ ನಂಟಿಲ್ಲ.

ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಎರಡೂ ಈ ಮದ್ದನ್ನೇ ನೆಚ್ಚಿಕೊಂಡಿವೆ. ಆದರೆ ಅಳತೆ ತಪ್ಪಿದರೆ ರಕ್ತಸ್ರಾವ ನಿಲ್ಲುವುದಿಲ್ಲ. ಎಳೆಗೂಸುಗಳ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ ಕಟ್ಟಿಕೊಳ್ಳದಿರಲೆಂದು ಅದನ್ನು ತೊಳೆಯಲು ಬಳಸುವ ಹೆಪಾರಿನ್‌ನಲ್ಲಿ ಒಂದು ಮಿಲಿಲೀಟರಿಗೆ 10 ಯೂನಿಟ್. ದೊಡ್ಡವರ ಚಿಕಿತ್ಸೆಯ ಬಾಟಲಿಯಲ್ಲಿ 10,000. ಎರಡೂ ಪುಟ್ಟ ಬಾಟಲಿಗಳು, 2006ರಲ್ಲಿ ಎರಡರ ಲೇಬಲ್ಲೂ ನೀಲಿಯೇ ಆಗಿತ್ತು, ಛಾಯೆ ಮಾತ್ರ ಬೇರೆಯಿತ್ತು.

2006ರ ಸೆಪ್ಟೆಂಬರಿನಲ್ಲಿ ಇಂಡಿಯಾನಾಪೊಲಿಸ್‌ನ ಮೆಥಡಿಸ್ಟ್ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಮದ್ದಿನ ಕಪಾಟಿಗೆ ಔಷಧ ವಿಭಾಗದವರೊಬ್ಬರು ಮಕ್ಕಳ ಬಾಟಲಿಯ ಜಾಗದಲ್ಲಿ ದೊಡ್ಡವರದನ್ನು ತುಂಬಿಸಿದರು. ಆ ಖಾನೆಯಲ್ಲಿ ಮಕ್ಕಳ ಮದ್ದು ಬಿಟ್ಟು ಬೇರೇನನ್ನೂ ಕಂಡಿರದ ನರ್ಸ್‌ಗಳು ರೂಢಿಯಂತೆ ತೆಗೆದುಕೊಂಡರು. ಆರು ಕೂಸುಗಳಿಗೆ ಸಾವಿರ ಪಟ್ಟು ಹೆಪಾರಿನ್ ಹೋಯಿತು. ಮೂರು ಉಳಿಯಲಿಲ್ಲ.

ತಪ್ಪು ಯಾರದು? ತುಂಬಿದವರದೇ, ಓದದೆ ಎತ್ತಿಕೊಂಡವರದೇ, ಎರಡಕ್ಕೂ ಒಂದೇ ಬಣ್ಣ ಬಳಿದವರದೇ? ಬೈಗುಳಕ್ಕೆ ಒಬ್ಬರು ಸಿಕ್ಕರೆ ನಮಗೆ ಸಮಾಧಾನ. ಆದರೆ ಒಬ್ಬರನ್ನು ಮನೆಗೆ ಕಳಿಸಿದ ಮಾತ್ರಕ್ಕೆ ಬಾಟಲಿಯ ಬಣ್ಣ ಬದಲಾಗುವುದಿಲ್ಲ.

ತಯಾರಕ ಕಂಪನಿ ಬ್ಯಾಕ್ಸ್ಟರ್ 2007ರ ಫೆಬ್ರವರಿಯಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು, ಆಮೇಲೆ ಲೇಬಲ್ಲನ್ನೂ ಬದಲಿಸಿತು. ಹಳೆಯ ಬಾಟಲಿಗಳು ಮಾತ್ರ ಕಪಾಟುಗಳಲ್ಲೇ ಉಳಿದವು. ಅದೇ ವರ್ಷ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಅದೇ ತಪ್ಪು ಮರುಕಳಿಸಿತು. ನಟ ಡೆನಿಸ್ ಕ್ವೇಡ್ ಅವರ ಅವಳಿ ಹಸುಗೂಸುಗಳು ಅದಕ್ಕೆ ಸಿಕ್ಕಿಕೊಂಡು, ಅದೃಷ್ಟವಶಾತ್ ಬದುಕಿದವು. ತಂದೆ ಹೆಸರಾಂತ ನಟನಾದ್ದರಿಂದ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು, 2008ರಲ್ಲಿ ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೂ ಮಾತಾಡಿದರು.

ಬೇರೆ ಬಣ್ಣ, ಬೇರೆ ಕಪಾಟು, ಬಾರ್‌ಕೋಡ್, ಇಬ್ಬರು ನರ್ಸ್‌ಗಳ ತಪಾಸಣೆ: ಇಂಥ ಕ್ರಮಗಳೆಲ್ಲ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ. ದಣಿದ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ. ಊರು ಬಿಟ್ಟು ಬಂದ ನಮ್ಮಂಥವರು ಪರಭಾಷೆಯ ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕೂತಾಗ ಬಾಯಿ ತೆರೆಯಲು ಹಿಂಜರಿಯುತ್ತೇವೆ. "ಇದು ಯಾವ ಮದ್ದು, ಎಷ್ಟು?" ಎಂದು ಕೇಳುವುದು ಉದ್ಧಟತನವಲ್ಲ. ಅದೂ ಒಂದು ತಪಾಸಣೆಯೇ.